ಹೊಟ್ಟೆಯ ಗಂಟು ಎಲ್ಲಿ ಹುಟ್ಟಿತು?

ಹೊಟ್ಟೆ ಊದಿಕೊಂಡಿದೆ ಎಂದರೆ ನಮ್ಮ ಮನೆಗಳಲ್ಲಿ ಕಾರಣ ಹೇಳುವವರಿಗೆ ಬರವಿಲ್ಲ. ಊದಿದ್ದು ಗಂಡಸಿನ ಹೊಟ್ಟೆಯಾದರೆ ಅದು ಬೊಜ್ಜು. ಹೊಸದಾಗಿ ಮದುವೆಯಾದವಳದಾದರೆ ಶುಭವಾರ್ತೆ. ವಯಸ್ಸಾದ ತಾಯಿಯದಾದರೆ ವಾಯು. ಇಂಗು, ಓಮ, ಬಿಸಿನೀರು. ಮದುವೆಯಾಗದ ಹುಡುಗಿಯದಾದರೆ ಏನೆನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಈ ಎಲ್ಲ ಊಹೆಗಳೂ ಸುಳ್ಳಾಗಿ, ಒಳಗೆ ನೀರು ತುಂಬಿದ ಚೀಲವೊಂದು ಸದ್ದಿಲ್ಲದೆ ಬೆಳೆಯುತ್ತಿರುವುದೂ ಉಂಟು. ವೈದ್ಯರು ಇದನ್ನು ಸಿಸ್ಟ್ ಎನ್ನುತ್ತಾರೆ. ನಾವು ನೀರುಗಂಟು ಎಂದು ಕರೆಯೋಣ.

ನೀರುಗಂಟು ಹೆಂಗಸರ ಅಂಡಾಶಯದಲ್ಲಿ ಹುಟ್ಟಬಹುದು. ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಮೂತ್ರಪಿಂಡದಲ್ಲಿ, ಯಕೃತ್ತಿನಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ, ಕರುಳನ್ನು ಬೆನ್ನಿಗೆ ಕಟ್ಟಿಹಿಡಿದಿರುವ ಪೊರೆಯಲ್ಲಿಯೂ ಹುಟ್ಟಬಹುದು. ಚಿಕ್ಕದಾಗಿರುವಾಗ ಅದು ತನ್ನ ತವರಿನಲ್ಲೇ ಇರುತ್ತದೆ. ಕಲ್ಲಂಗಡಿಯಷ್ಟಾದ ಮೇಲೆ ಹೊಟ್ಟೆಯನ್ನೆಲ್ಲ ಆಕ್ರಮಿಸಿ, ಯಾವ ಊರಿನದೆಂದು ಗುರುತು ಸಿಗದಂತೆ ಕುಳಿತುಬಿಡುತ್ತದೆ.

ಆದರೆ ಚಿಕಿತ್ಸೆಯೆಲ್ಲ ನಿಂತಿರುವುದು ಆ ಗುರುತಿನ ಮೇಲೆಯೇ. ಮೂತ್ರಪಿಂಡದ ಸಾಧಾರಣ ನೀರುಗಂಟು ವಯಸ್ಸಾದವರಲ್ಲಿ ಬಹಳ ಸಾಮಾನ್ಯ. ಅದನ್ನು ಹೆಚ್ಚಾಗಿ ಅದರ ಪಾಡಿಗೆ ಬಿಡಬಹುದು. ಯಕೃತ್ತಿನಲ್ಲಿರುವುದು ನಾಯಿಯ ಮೂಲಕ ಬಂದ ಹೈಡಾಟಿಡ್ ಹುಳುವಿನ ಚೀಲವಾಗಿದ್ದರೆ, ಎಚ್ಚರವಿಲ್ಲದೆ ಸೂಜಿ ಚುಚ್ಚಿದಾಗ ಒಳಗಿನ ದ್ರವ ಸೋರಿ ಜೀವಕ್ಕೇ ಅಪಾಯವಾಗಬಹುದು. ಅಂಡಾಶಯದ ಗಂಟಿನಲ್ಲಿ ಕ್ಯಾನ್ಸರ್ ಅಡಗಿದ್ದರೆ, ಚೀಲ ಹರಿದಾಗ ಅದು ಹೊಟ್ಟೆಯೆಲ್ಲ ಹರಡಬಹುದು. ಆದುದರಿಂದ ‘ಇದೇನು?’ ಎಂದು ಕೇಳುವುದಕ್ಕೆ ಮುಂಚೆ ‘ಇದು ಎಲ್ಲಿಯದು?’ ಎಂದು ಕೇಳಬೇಕಾಗುತ್ತದೆ. ಹೊಟ್ಟೆಯನ್ನು ಕೊಯ್ಯದೆಯೇ ಈ ಪ್ರಶ್ನೆಗೆ ಉತ್ತರ ಹೇಳಲು ಮನುಷ್ಯನಿಗೆ ಸಾಧ್ಯವಾದದ್ದು ತೀರ ಈಚೆಗೆ. ಆ ಕಥೆಯನ್ನು ಸ್ವಲ್ಪ ನೋಡೋಣ.

ಹತ್ತು ತಿಂಗಳ ಕಾಯುವಿಕೆ

ನಮ್ಮ ಪ್ರಾಚೀನ ವೈದ್ಯರು ಉದರರೋಗಗಳನ್ನು ಕಡೆಗಣಿಸಿದವರಲ್ಲ. ಚರಕಸಂಹಿತೆಯಲ್ಲಿ ರಕ್ತಗುಲ್ಮವೆಂಬ ವ್ಯಾಧಿಯ ಪ್ರಸ್ತಾಪವಿದೆ. ಇಲ್ಲಿ ಗುಲ್ಮವೆಂದರೆ ಹೊಟ್ಟೆಯ ಗಂಟು. ಹೆಂಗಸರಿಗಷ್ಟೇ ಬರುವ ಈ ಗಂಟು ಗರ್ಭದ ಲಕ್ಷಣಗಳನ್ನೆಲ್ಲ ತೋರಿಸಿ ಮೋಸಗೊಳಿಸುತ್ತದೆ. ಆದಕಾರಣ ಹತ್ತನೆಯ ತಿಂಗಳು ಕಳೆದ ಮೇಲೆಯೇ ಇದಕ್ಕೆ ಚಿಕಿತ್ಸೆ ಮಾಡಬೇಕೆಂದು ಚರಕನ ವಿಧಿ. ಇದರಲ್ಲಿ ಎಷ್ಟು ವಿವೇಕವಿದೆ, ಎಷ್ಟು ಅಸಹಾಯಕತೆಯೂ ಇದೆ! ಗರ್ಭವೋ ಗಂಟೋ ಎಂದು ತಿಳಿಯಲು ಕಾಲವೊಂದೇ ಆಗ ಇದ್ದ ಉಪಕರಣ.

ಸುಶ್ರುತಸಂಹಿತೆ ಜಲೋದರದ ನೀರನ್ನು ಹೊರತೆಗೆಯುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ಹೊಕ್ಕುಳಿನ ಕೆಳಗೆ, ನಡುವಿನ ರೋಮರೇಖೆಯಿಂದ ಎಡಕ್ಕೆ ನಾಲ್ಕಂಗುಲ ಬಿಟ್ಟು, ಭತ್ತದ ತೆನೆಯ ಮೊನೆಯಂತಿರುವ ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಬೇಕು; ಲೋಹದ ಇಲ್ಲವೆ ಹಕ್ಕಿಯ ಗರಿಯ ನಳಿಗೆಯಿಟ್ಟು ನೀರನ್ನು ಹರಿಸಬೇಕು; ಒಂದೇ ದಿನ ಎಲ್ಲವನ್ನೂ ತೆಗೆಯಬಾರದು; ತೆಗೆದ ಮೇಲೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಬೇಕು. ಒಮ್ಮೆಗೇ ಬಸಿದರೆ ರೋಗಿ ಕುಸಿಯುತ್ತಾನೆಂದು ಅರಿತಿದ್ದ ಅನುಭವಿಯ ಮಾತು ಇದು. ಆದರೆ ಆ ನೀರು ಹೊಟ್ಟೆಯಲ್ಲಿ ಬಿಡಿಯಾಗಿ ನಿಂತದ್ದೋ ಒಂದು ಚೀಲದೊಳಗೆ ಕಟ್ಟಿಕೊಂಡದ್ದೋ ಎಂದು ಹೊರಗಿನಿಂದ ಖಚಿತವಾಗಿ ಬೇರ್ಪಡಿಸುವ ದಾರಿ ಅಂದು ಯಾವ ದೇಶದಲ್ಲೂ ಇರಲಿಲ್ಲ.

ಸಮಾಧಿಕಲ್ಲಿನ ಲೆಕ್ಕ

ಇದಾದ ಎಷ್ಟೋ ಶತಮಾನಗಳ ಮೇಲೂ ಯೂರೋಪಿನ ಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್ ಎಂಬ ಹಳೆಯ ರುದ್ರಭೂಮಿಯಲ್ಲಿ ಡೇಮ್ ಮೇರಿ ಪೇಜ್ ಎಂಬಾಕೆಯ ಸಮಾಧಿ ಇದೆ. ಅಂದಿನ ಹಳೆಯ ಪಂಚಾಂಗದ ಲೆಕ್ಕದಲ್ಲಿ 1728ರ ಮಾರ್ಚ್ ತಿಂಗಳಲ್ಲಿ, ತನ್ನ 56ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಸಮಾಧಿಕಲ್ಲಿನ ಮೇಲೆ ಒಂದು ವಿಚಿತ್ರ ಲೆಕ್ಕ ಕೆತ್ತಿದ್ದಾರೆ. 67 ತಿಂಗಳುಗಳಲ್ಲಿ ಆಕೆಯ ಹೊಟ್ಟೆಯನ್ನು 66 ಸಲ ಚುಚ್ಚಿ ಒಟ್ಟು 240 ಗ್ಯಾಲನ್ ನೀರು ತೆಗೆದರಂತೆ. ಆಕೆ ಗೊಣಗಲೂ ಇಲ್ಲ, ಹೆದರಲೂ ಇಲ್ಲವಂತೆ. ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ನೀರು ತೆಗೆಯುವುದು, ಅದು ಮತ್ತೆ ತುಂಬುವುದು! ಆಕೆಗಿದ್ದದ್ದು ಅಂಡಾಶಯದ ಗೆಡ್ಡೆಯೇ ಇರಬಹುದೆಂದು ಮುಂದಿನ ಕಾಲದ ವೈದ್ಯರು ತರ್ಕಿಸಿದ್ದಾರೆ. ನೀರಿನ ಮೂಲವನ್ನು ಕಾಣಲಾರದ ವೈದ್ಯರು ನೀರನ್ನಷ್ಟೇ ಬಸಿಯುತ್ತ ಹೋದರು.

ಮೂಲವನ್ನು ಹುಡುಕಿ ತೆಗೆದ ಮೊದಲ ಪ್ರಸಿದ್ಧ ಘಟನೆ ನಡೆದದ್ದು ಅಮೆರಿಕದ ಕೆಂಟಕಿ ಪ್ರಾಂತದಲ್ಲಿ, 1809ರ ಡಿಸೆಂಬರಿನಲ್ಲಿ. ಜೇನ್ ಟಾಡ್ ಕ್ರಾಫರ್ಡ್ ಎಂಬ ರೈತಾಪಿ ಹೆಂಗಸಿಗೆ ದಿನ ತುಂಬಿದರೂ ಹೆರಿಗೆಯಾಗಲಿಲ್ಲ. ಅವಳಿಜವಳಿ ಇರಬೇಕೆಂದು ಸುತ್ತಲಿನವರು ನಂಬಿದ್ದರು. ಡಾಕ್ಟರ್ ಎಫ್ರೈಮ್ ಮೆಕ್‌ಡೊವೆಲ್ ಬಂದು ಕೈಯಿಂದ ಪರೀಕ್ಷಿಸಿ, ಗರ್ಭಕೋಶದಲ್ಲಿ ಏನೂ ಇಲ್ಲವೆಂಬುದನ್ನು ಕಂಡುಕೊಂಡ. ಹಾಗಾದರೆ ಇದು ಅಂಡಾಶಯದ್ದು ಎಂದು ನಿರ್ಧರಿಸಿದ. ಹೊಟ್ಟೆ ತೆರೆದವರು ಉಳಿಯರೆಂಬುದು ಅಂದಿನ ಪಂಡಿತರ ಮತ. ಅದನ್ನು ಮುಚ್ಚಿಡದೆ ಹೇಳಿದಾಗಲೂ ಆಕೆ ಒಪ್ಪಿ, ಸುಮಾರು 60 ಮೈಲಿ ಕುದುರೆಯ ಮೇಲೆ ಕುಳಿತು ಡಾನ್‌ವಿಲ್‌ನಲ್ಲಿದ್ದ ಆತನ ಮನೆಗೆ ಬಂದಳು. ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. 25 ನಿಮಿಷಗಳಲ್ಲಿ ಆತ ಹೊರತೆಗೆದ ಗಂಟಿನ ತೂಕ, ಒಳಗಿನ ಲೋಳೆಯೂ ಸೇರಿ, 22 ಪೌಂಡಿಗೂ ಮಿಗಿಲು. ಐದನೆಯ ದಿನ ನೋಡಲು ಹೋದರೆ ಆಕೆ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಮಾಡಿಕೊಳ್ಳುತ್ತಿದ್ದಳು! ಅಲ್ಲಿಂದ ಮುಂದೆ 32 ವರ್ಷ ಬಾಳಿದಳು.

ಮೆಕ್‌ಡೊವೆಲ್‌ನ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಕತ್ತಿ ಹಿಡಿಯುವ ಮೊದಲು ಆತ ಗಂಟಿನ ತವರನ್ನು ಪತ್ತೆಮಾಡಿದ್ದನೆಂಬುದನ್ನು ಮರೆಯಬಾರದು. ಅಂದು ಆತನಿಗಿದ್ದ ಯಂತ್ರ ಬೆರಳ ತುದಿಯೊಂದೇ.

ನೆರಳು ಕಂಡಿತು, ನೀರು ಕಾಣಲಿಲ್ಲ

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗ ಇನ್ನು ದೇಹದಲ್ಲಿ ಗುಟ್ಟೆಂಬುದೇ ಉಳಿಯದೆಂದು ಜಗತ್ತು ಭಾವಿಸಿತು. ಎಲುಬು ಕಂಡಿತು, ನುಂಗಿದ ನಾಣ್ಯ ಕಂಡಿತು. ಆದರೆ ಹೊಟ್ಟೆಯ ವಿಷಯದಲ್ಲಿ ಈ ಕಿರಣಗಳು ಅರ್ಧ ಕುರುಡು. ಮಾಂಸವೂ ನೀರೂ ಅವುಗಳನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುವುದರಿಂದ ಗಟ್ಟಿ ಗೆಡ್ಡೆಯೂ ನೀರುಗಂಟೂ ಒಂದೇ ಬೂದುಬಣ್ಣದ ನೆರಳಾಗಿ ಬೀಳುತ್ತವೆ. ಆಗ ವೈದ್ಯರು ಬಳಸುದಾರಿ ಹಿಡಿದರು. ರೋಗಿಗೆ ಬೇರಿಯಂ ಹಿಟ್ಟು ಕಲಸಿದ ನೀರು ಕುಡಿಸಿ, ಜಠರವೂ ಕರುಳೂ ಯಾವ ಕಡೆಗೆ ದೂಡಲ್ಪಟ್ಟಿವೆ ಎಂದು ನೋಡಿದರು. 1929ರ ಹೊತ್ತಿಗೆ ರಕ್ತನಾಳಕ್ಕೆ ಮದ್ದು ಚುಚ್ಚಿ ಮೂತ್ರಪಿಂಡದ ನೆರಳು ಪಡೆಯುವುದೂ ಸಾಧ್ಯವಾಯಿತು. ಕಳ್ಳನನ್ನು ಕಾಣದೆ, ಅವನು ತಳ್ಳಿಹೋದ ಜನರನ್ನು ನೋಡಿ ಅವನ ದಾರಿ ಊಹಿಸಿದ ಹಾಗೆ!

ಬಾಯ್ಲರ್ ಕಾರ್ಖಾನೆಯಲ್ಲಿ ಪ್ರೊಫೆಸರ್

ಮುಂದಿನ ಹೆಜ್ಜೆ ಆಸ್ಪತ್ರೆಯಿಂದ ಬರಲಿಲ್ಲ, ಸಮುದ್ರದಿಂದ ಬಂತು. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುವುದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಅಂಥ ಸ್ಫಟಿಕಗಳಿಂದ ಮನುಷ್ಯನ ಕಿವಿಗೆ ನಿಲುಕದ ಸೂಕ್ಷ್ಮ ಧ್ವನಿಯನ್ನು ನೀರಿನೊಳಕ್ಕೆ ಬಿಟ್ಟು, ಮರುದನಿಯಿಂದ ಜಲಾಂತರ್ಗಾಮಿಗಳನ್ನು ಪತ್ತೆಮಾಡುವ ಉಪಾಯವನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಾಂಜೆವಾನ್ ಎಂಬ ಫ್ರೆಂಚ್ ವಿಜ್ಞಾನಿ ಬೆಳೆಸಿದ. ಎರಡನೆಯ ಯುದ್ಧದ ಹೊತ್ತಿಗೆ ಇದೇ ತತ್ವದಿಂದ ಲೋಹದೊಳಗಿನ ಬಿರುಕುಗಳನ್ನು ಹುಡುಕುವ ಯಂತ್ರಗಳೂ ಬಂದವು. ಈ ಧ್ವನಿಯನ್ನು ದೇಹದ ಮೇಲೆ ಪ್ರಯೋಗಿಸಿ ನೋಡಿದವರು ಹಲವರು. ವಿಯೆನ್ನಾದ ಡೂಸಿಕ್ ಮಿದುಳನ್ನು ನೋಡಲು ಹೊರಟ. ಅಮೆರಿಕದ ಹೌರಿ ಎಂಬಾತ ಯುದ್ಧವಿಮಾನದ ಹಳೆಯ ಫಿರಂಗಿಗೂಡಿನಲ್ಲಿ ನೀರು ತುಂಬಿಸಿ, ರೋಗಿಯನ್ನು ಅದರಲ್ಲೇ ಕೂರಿಸಿ ಚಿತ್ರ ತೆಗೆದ. ಕಾಯಿಲೆಯವರನ್ನು ತೊಟ್ಟಿಯಲ್ಲಿ ಮುಳುಗಿಸುವುದು ಎಲ್ಲರಿಗೂ ಒಗ್ಗುವ ಕೆಲಸವೆ?

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ 1954ರಲ್ಲಿ ಪ್ರಸೂತಿಶಾಸ್ತ್ರದ ಪ್ರೊಫೆಸರಾಗಿ ಬಂದ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವನು. ರಾಡಾರ್, ಸೋನಾರ್‌ಗಳ ಪರಿಚಯವಿದ್ದವನು. ಅವನಿಂದ ಚಿಕಿತ್ಸೆ ಪಡೆದ ಒಬ್ಬಾಕೆಯ ಪತಿ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಎಂಬ ಬಾಯ್ಲರ್ ಕಂಪನಿಯ ನಿರ್ದೇಶಕ. ಆ ಪರಿಚಯದ ಎಳೆ ಹಿಡಿದು 1955ರ ಜುಲೈ 21ರಂದು ಪ್ರೊಫೆಸರು ರೆನ್‌ಫ್ರೂವಿನ ಕಾರ್ಖಾನೆಗೆ ಹೋದ. ಕಾರುಗಳ ಡಿಕ್ಕಿಯಲ್ಲಿ ಇದ್ದದ್ದೇನು ಗೊತ್ತೆ? ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ನಾರುಗೆಡ್ಡೆಗಳು, ಅಂಡಾಶಯದ ನೀರುಗಂಟುಗಳು. ಹೋಲಿಸಿ ನೋಡಲು ಕಾರ್ಖಾನೆಯವರು ದನದ ಮಾಂಸದ ದೊಡ್ಡ ತುಂಡೊಂದನ್ನು ಒದಗಿಸಿದರು. ಉಕ್ಕಿನ ಬೆಸುಗೆ ಪರೀಕ್ಷಿಸುವ ಯಂತ್ರವನ್ನು ಇವುಗಳ ಮೇಲಿಟ್ಟಾಗ ಗಟ್ಟಿ ಗೆಡ್ಡೆ ಒಂದು ಬಗೆಯ ಮರುದನಿ ಕೊಟ್ಟಿತು, ನೀರುಗಂಟು ಬೇರೊಂದು ಬಗೆಯದನ್ನು.

ಕಾರಣ ಸರಳವಾದದ್ದು. ಬೆಟ್ಟದ ಬಂಡೆಗೆ ಬಡಿದ ಕೂಗು ಹಿಂದಿರುಗುವಂತೆ ಧ್ವನಿ ಹಿಂದಿರುಗುವುದು ಎರಡು ವಸ್ತುಗಳ ಗಡಿಯಲ್ಲಿ. ಮಾಂಸದಲ್ಲಿ ಇಂಥ ಸಣ್ಣಪುಟ್ಟ ಗಡಿಗಳು ಲೆಕ್ಕವಿಲ್ಲದಷ್ಟು. ತಿಳಿನೀರಿನಲ್ಲಿ ಗಡಿಯೇ ಇಲ್ಲ. ಆದುದರಿಂದ ಧ್ವನಿ ನೀರನ್ನು ಮೌನವಾಗಿ ದಾಟಿ, ಚೀಲದ ಆಚೆಗೋಡೆಗೆ ಬಡಿದು ಬಲವಾಗಿ ಹಿಂದಿರುಗುತ್ತದೆ. ಕ್ಷ-ಕಿರಣಕ್ಕೆ ಕಾಣದಿದ್ದ ಭೇದ ಧ್ವನಿಗೆ ಕೇಳಿಸಿತು.

ಮುಂದಿನ ವರ್ಷ ಟಾಮ್ ಬ್ರೌನ್ ಎಂಬ ಯುವಕ ಇದರಲ್ಲಿ ಸೇರಿಕೊಂಡ. ಕೆಲ್ವಿನ್ ಹ್ಯೂಸ್ ಎಂಬ ಉಪಕರಣ ಕಂಪನಿಯ ಎಂಜಿನಿಯರ್ ಆತ. ಪ್ರೊಫೆಸರೊಬ್ಬರು ಎರವಲು ಯಂತ್ರದೊಂದಿಗೆ ಹೆಣಗುತ್ತಿರುವ ಸುದ್ದಿ ತಿಳಿದು ತಾನಾಗಿಯೇ ಫೋನು ಮಾಡಿದ. ಆಸ್ಪತ್ರೆಯಲ್ಲಿ ಮಂಚದ ಮೇಲೆ ಊಟದ ತಟ್ಟೆಯಿಡುವ ಮೇಜೊಂದಕ್ಕೆ ಆತ ಬಿಡಿಭಾಗಗಳನ್ನು ಜೋಡಿಸಿ ಕಟ್ಟಿದ ಯಂತ್ರ, ರೋಗಿಯ ಹೊಟ್ಟೆಗೆ ಎಣ್ಣೆ ಸವರಿ ಅದರ ಮೇಲೆ ನೇರವಾಗಿ ಓಡಾಡಿಸುವಂಥದು. ತೊಟ್ಟಿಯ ಗೋಜಿಲ್ಲ. ಡಾಕ್ಟರ್ ಜಾನ್ ಮ್ಯಾಕ್‌ವಿಕರ್ ಮೂರನೆಯವನಾಗಿ ಜೊತೆಗೂಡಿದ.

ಬದುಕಿ ಉಳಿದ ಹೆಂಗಸು

ಇವರನ್ನು ಮೊದಮೊದಲು ಅನೇಕರು ಹಾಸ್ಯ ಮಾಡಿದರು. ಮುಟ್ಟಿ ನೋಡಿದರೆ ತಿಳಿಯುವುದಕ್ಕೆ ಯಂತ್ರವೇಕೆ ಎಂಬ ಮಾತು ಬಂತು. ಅಷ್ಟರಲ್ಲಿ ಒಂದು ಪ್ರಸಂಗ ಒದಗಿತು.

ಗ್ಲಾಸ್ಗೋದ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಹೆಂಗಸೊಬ್ಬಳು ವಿಪರೀತ ಊದಿದ ಹೊಟ್ಟೆಯೊಂದಿಗೆ ದಿನೇದಿನೇ ಕ್ಷೀಣಿಸುತ್ತಿದ್ದಳು. ಕ್ಷ-ಕಿರಣ ಪರೀಕ್ಷೆಯಲ್ಲಿ ಜಠರದ ಕ್ಯಾನ್ಸರ್ ಎಂದು ತೀರ್ಮಾನವಾಗಿತ್ತು. ಅದು ರಕ್ತನಾಳವನ್ನು ಒತ್ತಿದ್ದರಿಂದ ಹೊಟ್ಟೆಯಲ್ಲಿ ನೀರು ತುಂಬಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಡೊನಾಲ್ಡ್ ತಂಡದವರು ಯಂತ್ರವಿಟ್ಟು ನೋಡಿದರು. ಹೊಟ್ಟೆಯಲ್ಲಿ ಬಿಡಿನೀರು ನಿಂತಿದ್ದರೆ ಅದರಲ್ಲಿ ಕರುಳು ತೇಲುತ್ತಿರಬೇಕು, ಅದರ ಮರುದನಿಗಳು ಹತ್ತಿರದಲ್ಲೇ ಏಳಬೇಕು. ಇಲ್ಲಿ ಅಂಥದೇನೂ ಇಲ್ಲ. ವಿಶಾಲವಾದ ಮೌನ, ಬಹಳ ಆಳದಲ್ಲಿ ಒಂದು ಸ್ಪಷ್ಟವಾದ ಗೋಡೆ. ಇದು ಜಲೋದರವಲ್ಲ, ಒಂದು ದೊಡ್ಡ ನೀರುಗಂಟು ಎಂದಾಯಿತು. ಹೊಟ್ಟೆ ತೆರೆದರು. ಅಂಡಾಶಯದಲ್ಲಿ ಹುಟ್ಟಿದ, ಕ್ಯಾನ್ಸರ್ ಅಲ್ಲದ ಲೋಳೆಗಂಟು ಹೊರಬಂತು. ಸಾವಿನ ದಿನ ಎಣಿಸುತ್ತಿದ್ದವಳು ಬದುಕಿಕೊಂಡಳು.

ಆ ಒಂದು ಗಂಟಿನ ನಂತರ ಅವರು ಹಿಂದಿರುಗಿ ನೋಡಲಿಲ್ಲ. 1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲೂ ಬಂದ ಪ್ರಬಂಧ ಇಂದಿನ ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನ ಮೂಲಪತ್ರವೆಂದು ಹೆಸರಾಗಿದೆ. ಸ್ಕ್ಯಾನ್ ಎಂದೊಡನೆ ನಮಗೆ ನೆನಪಾಗುವುದು ಗರ್ಭದ ಶಿಶು. ಆದರೆ ಆ ಪ್ರಬಂಧದ ಶೀರ್ಷಿಕೆಯಲ್ಲಿದ್ದದ್ದು ಹೊಟ್ಟೆಯ ಗಂಟುಗಳ ಶೋಧನೆಯೆಂಬ ಮಾತು. ನಮ್ಮ ಹೆಣ್ಣುಮಕ್ಕಳು ಸ್ಕ್ಯಾನಿಗೆ ಮುಂಚೆ ಲೋಟಗಟ್ಟಲೆ ನೀರು ಕುಡಿದು ಚಡಪಡಿಸುತ್ತ ಕೂರುತ್ತಾರಲ್ಲ, ಅದೂ ಡೊನಾಲ್ಡ್‌ನ ಕೊಡುಗೆಯೇ. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ ಗರ್ಭಕೋಶಕ್ಕೆ ಕಿಟಕಿಯಂತಾಗುವುದನ್ನು ಅವನು 1963ರಲ್ಲಿ ಗಮನಿಸಿದ.

ತವರನ್ನು ಗುರುತಿಸುವ ಬಗೆ

ಮುಂದಿನದು ವೇಗದ ಓಟ. ಗ್ರಾಮಫೋನ್ ತಟ್ಟೆಗಳಿಂದ, ಎಚ್.ಎಂ.ವಿ.ಯ ನಾಯಿಯಿಂದ ನಮ್ಮ ಹಿರಿಯರಿಗೆ ಪರಿಚಿತವಾದ ಇ.ಎಂ.ಐ. ಕಂಪನಿಯ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಸಿ.ಟಿ. ಯಂತ್ರವನ್ನು ಕಟ್ಟಿದ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಕೆಲವೇ ವರ್ಷಗಳಲ್ಲಿ ಹೊಟ್ಟೆಗೂ ಅದು ಬಂತು. ಇದು ಕ್ಷ-ಕಿರಣವೇ, ಆದರೆ ಲೆಕ್ಕ ಕಲಿತ ಕ್ಷ-ಕಿರಣ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕಡಿಮೆ, ಕೊಬ್ಬಿಗೆ ಸುಮಾರು ನೂರು ಕಡಿಮೆ ಎಂದು ಪ್ರತಿಯೊಂದಕ್ಕೂ ಅಂಕ ಕೊಡುತ್ತದೆ. ಹೌನ್ಸ್‌ಫೀಲ್ಡ್‌ಗೂ ಕಾರ್ಮ್ಯಾಕ್‌ಗೂ 1979ರಲ್ಲಿ ನೊಬೆಲ್ ಬಂತು. ಕಾಂತಶಕ್ತಿಯಿಂದ ಚಿತ್ರ ತೆಗೆಯುವ ಎಂ.ಆರ್.ಐ. ವಿಧಾನಕ್ಕಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡರಿಗೆ 2003ರಲ್ಲಿ ಅದೇ ಗೌರವ ದೊರೆಯಿತು.

ಯಂತ್ರ ಯಾವುದೇ ಇರಲಿ, ತಜ್ಞರು ಕೇಳುವ ಪ್ರಶ್ನೆಗಳು ಹಳ್ಳಿಯ ಶ್ಯಾನುಭೋಗರು ಜಮೀನಿನ ತಕರಾರಿನಲ್ಲಿ ಕೇಳುವಂಥವೇ.

ಮೊದಲನೆಯದು ಗಡಿಯ ಪ್ರಶ್ನೆ. ಗಂಟು ಮೂತ್ರಪಿಂಡದಲ್ಲೇ ಹುಟ್ಟಿದ್ದರೆ ಅದರ ಅಂಚಿನಲ್ಲಿ ಮೂತ್ರಪಿಂಡದ ಮಾಂಸ ಏಡಿಯ ಕೊಂಡಿಯಂತೆ ಎರಡೂ ಕಡೆ ತಬ್ಬಿಕೊಂಡಿರುತ್ತದೆ. ಹೊರಗಿನಿಂದ ಬಂದು ಒತ್ತಿದ್ದರೆ ಮೂತ್ರಪಿಂಡ ಒಳಕ್ಕೆ ತಗ್ಗಿರುತ್ತದೆಯೇ ಹೊರತು ತಬ್ಬುವುದಿಲ್ಲ.

ಎರಡನೆಯದು ನಂಟಿನ ಪ್ರಶ್ನೆ. ರಕ್ತ ಪೂರೈಸುವ ನಾಳ ಎಲ್ಲಿಂದ ಬಂದಿದೆ? ಅಂಡಾಶಯದ ಸಿರೆಯನ್ನು ಹಿಂಬಾಲಿಸಿದರೆ ಅದು ಗಂಟಿಗೇ ಹೋಗಿ ಸೇರುತ್ತದೆಯೆ? ಎರಡೂ ಅಂಡಾಶಯಗಳು ಬೇರೆಯಾಗಿ ಸ್ವಸ್ಥವಾಗಿ ಕಂಡರೆ ಗಂಟು ಅಲ್ಲಿಯದಲ್ಲವೆಂದೇ ಬಹುಮಟ್ಟಿಗೆ ಹೇಳಬಹುದು.

ಮೂರನೆಯದು ನಡತೆ. ಉಸಿರೆಳೆದಾಗ ಯಕೃತ್ತಿನೊಂದಿಗೆ ಸರಿಯುತ್ತದೆಯೆ? ಕರುಳನ್ನು ಮುಂದಕ್ಕೆ ತಳ್ಳಿದೆಯೆ, ಪಕ್ಕಕ್ಕೆ ಸರಿಸಿದೆಯೆ, ಸುರುಳಿಗಳ ನಡುವೆಯೇ ಕುಳಿತಿದೆಯೆ? ಬೆನ್ನಿನ ಕಡೆ ಹುಟ್ಟಿದ್ದು ಕರುಳನ್ನು ಮುಂದಕ್ಕೆ ತಳ್ಳುತ್ತದೆ. ಕರುಳಿನ ಪೊರೆಯಲ್ಲಿ ಹುಟ್ಟಿದ್ದು ಸುರುಳಿಗಳ ನಡುವೆ ಇರುತ್ತದೆ.

ನಾಲ್ಕನೆಯದು ಒಳಗಿನ ಸರಕು. ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಸಹ ಕಂಡರೆ ಅದು ಅಂಡಾಶಯದಲ್ಲಿ ಸಾಮಾನ್ಯವಾದ ಡರ್ಮಾಯ್ಡ್. ತಾಯಿಚೀಲದೊಳಗೆ ಮರಿಚೀಲಗಳು ಕಂಡರೆ ಹೈಡಾಟಿಡ್. ಇದರ ಚಿತ್ರಗಳನ್ನು ಹಂತಹಂತವಾಗಿ ವಿಂಗಡಿಸಿ 1981ರಲ್ಲಿ ಪ್ರಕಟಿಸಿದವನು ಕುರಿಸಾಕಣೆಯ ನಾಡಾದ ಟ್ಯುನೀಶಿಯದ ಘರ್ಬಿ.

ಇಷ್ಟಾದರೂ ಯಂತ್ರ ಸರ್ವಜ್ಞನಲ್ಲ. ಬಹಳ ದೊಡ್ಡ ಗಂಟು ಇಂದಿಗೂ ತನ್ನ ತವರನ್ನು ಮುಚ್ಚಿಟ್ಟು, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ನಿಜ ಹೇಳುವುದುಂಟು. ಈ ಹಿಂದೆ ಹೊಟ್ಟೆಶೂಲೆ ಬಂದಿತ್ತೆ, ಪೆಟ್ಟು ಬಿದ್ದಿತ್ತೆ, ಮುಟ್ಟು ಏರುಪೇರಾಗಿದೆಯೆ ಎಂಬುದನ್ನು ಯಂತ್ರ ಕೇಳುವುದಿಲ್ಲ. ಮನುಷ್ಯನೇ ಕೇಳಬೇಕು, ಮನುಷ್ಯನೇ ಹೇಳಬೇಕು.

ಅದೇ ಯಂತ್ರ, ಬೇರೆ ಕೈ

ಈ ಚರಿತ್ರೆಯ ಒಂದು ಕಹಿ ಪುಟವನ್ನು ಬಿಟ್ಟರೆ ಲೇಖನ ಅಪ್ರಾಮಾಣಿಕವಾದೀತು. ಹೆಣ್ಣಿನ ಪ್ರಾಣವುಳಿಸಿ ಹೆಸರಾದ ಈ ವಿದ್ಯೆ ನಮ್ಮ ದೇಶದಲ್ಲಿ ಹುಟ್ಟಲಿರುವ ಹೆಣ್ಣನ್ನು ಗುರುತಿಸಿ ಇಲ್ಲವಾಗಿಸುವುದಕ್ಕೂ ಬಳಕೆಯಾಯಿತು. ಮಹಾರಾಷ್ಟ್ರ ರಾಜ್ಯ 1988ರಲ್ಲಿ ಮೊದಲು ಕಾನೂನು ಮಾಡಿತು. ಸಂಸತ್ತಿನ 1994ರ ಕಾಯಿದೆ 1996ರ ಜನವರಿ 1ರಿಂದ ಜಾರಿಗೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೆ ಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕ ಇಂದು ನೇತಾಡುತ್ತಿರುವುದು ಅದರಿಂದಲೇ. ದೋಷ ಧ್ವನಿಯದಲ್ಲ, ಅದಕ್ಕೆ ನಾವು ಕೇಳಿದ ಪ್ರಶ್ನೆಯದು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕಥೆಯಿಂದ ಆಗಬೇಕಾದ ಪ್ರಯೋಜನ ಒಂದಿದೆ. ನಮ್ಮ ಸಂಸಾರಗಳು ಎರಡು ಊರುಗಳಲ್ಲಿ ಹಂಚಿಹೋಗಿವೆ. ತಾಯಿಯ ಸ್ಕ್ಯಾನು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಆಗಿರುತ್ತದೆ, ಶಸ್ತ್ರಚಿಕಿತ್ಸೆ ಮಗನ ಊರಿನಲ್ಲಿ. ಹಳೆಯ ಚಿತ್ರಗಳನ್ನೂ ವರದಿಗಳನ್ನೂ ತಪ್ಪದೆ ಜೊತೆಗೆ ತನ್ನಿರಿ. ಎರಡು ವರ್ಷಗಳ ಹಿಂದೆ ಗಂಟು ಚಿಕ್ಕದಾಗಿದ್ದಾಗ ತೆಗೆದ ಚಿತ್ರದಲ್ಲಿ ಅದರ ತವರು ಸ್ಪಷ್ಟವಾಗಿ ಕಾಣಿಸಬಹುದು. ಮುಟ್ಟು ನಿಲ್ಲದ ಹೆಂಗಸರಲ್ಲಿ ಅಂಡಾಶಯದ ಸಣ್ಣ ನೀರುಗಂಟುಗಳು ಬಹುಪಾಲು ತಾವಾಗಿಯೇ ಕರಗುತ್ತವೆ. ವೈದ್ಯರು ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡೋಣವೆಂದರೆ ಅದು ಉದಾಸೀನವಲ್ಲ. ಆದರೆ ಮುಟ್ಟು ನಿಂತ ಮೇಲೆ ಹೊಟ್ಟೆ ಊದತೊಡಗಿದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದರೆ, ಸೀರೆಯ ನೆರಿಗೆ ಬರಬರುತ್ತ ಸಾಲದಾದರೆ, ಇಂಗು ಓಮದಲ್ಲಿ ದಿನ ಕಳೆಯಬೇಡಿರಿ. ಚರಕನಿಗೆ ಹತ್ತು ತಿಂಗಳು ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ನಮಗಿದೆ.